ಒಂದು ಹೆಂಚಿಗೆ ಮೂವತ್ತೊಂದು ವರ್ಷ: ಜೆಪ್ಪು ಕಾರ್ಖಾನೆಯ ಪ್ರಕರಣ

ಹೋದ ಏಪ್ರಿಲ್‌ನಲ್ಲಿ ದೊಡ್ಡಮ್ಮನ ಮನೆಯ ಹೆಂಚಿನ ಮಾಡು ಬಿಚ್ಚಿದೆವು. ಹೆಂಚು ಕೂರುವ ಮರದ ರೀಪಿಗೆ ಗೆದ್ದಲು ಹಿಡಿದಿತ್ತು, ಮಳೆಗೆ ಮೊದಲು ಬದಲಿಸಲೇಬೇಕಿತ್ತು. ಮೇಸ್ತ್ರಿ ಮೇಲಿಂದ ಒಂದೊಂದೇ ಹೆಂಚು ಇಳಿಸುವುದು, ನಾನು ಕೆಳಗೆ ಅಂಗಳದಲ್ಲಿ ಪೇರಿಸುವುದು. ಹತ್ತಿಪ್ಪತ್ತು ಆದ ಮೇಲೆ ಸುಮ್ನೆ ಒಂದನ್ನು ತಿರುಗಿಸಿ ನೋಡಿದೆ. ಒಣಗಿದ ಪಾಚಿ ಉಜ್ಜಿದರೆ ಅಡಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅಂಚಿನಲ್ಲಿ ಒಂದು ಹೆಬ್ಬೆರಳ ಗುರುತು. ಮಣ್ಣು ಹಸಿಯಾಗಿದ್ದಾಗ ಯಾರೋ ಎತ್ತಿಟ್ಟಿದ್ದಾರೆ, ಬೆರಳು ಒತ್ತಿದೆ, ಹಾಗೇ ಸುಟ್ಟು ಉಳಿದಿದೆ. ರೇಖೆಗಳು ಕೂಡ ಕಾಣುತ್ತವೆ.

1865 ಅಂದರೆ ಆ ಹೆಂಚು ಮಾಡಿದ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ಇದನ್ನು ಗೊತ್ತಿಲ್ಲದೆ ತುಂಬ ಜನ ತಮ್ಮ ಮನೆಗೆ ನೂರೈವತ್ತು ವರ್ಷ ಅಂದುಕೊಂಡು ಖುಷಿಪಡುತ್ತಾರೆ. ಪಡಲಿ ಬಿಡಿ.

ಆ ಹೊತ್ತಿಗೆ ನನ್ನ ಮರದ ಕೆಲಸದ ಶೆಡ್ಡಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಲಾಕ್‌ಡೌನ್ ಕಾಲದ ಸಾಲ ಇನ್ನೂ ತೀರಿರಲಿಲ್ಲ, ಅದರ ಮೇಲೆ ಒಂದು ದೊಡ್ಡ ಆರ್ಡರಿನ ದುಡ್ಡು ಬರಲೇ ಇಲ್ಲ. ಇಬ್ಬರು ಹುಡುಗರನ್ನು ಬೇರೆ ಕಡೆ ಕೆಲಸ ನೋಡಿಕೊಳ್ಳಿ ಅಂತ ಕಳಿಸಿದ್ದೆ. ನಮ್ಮ ಕ್ರೈಸ್ತ ಸಭೆಯಲ್ಲಿ ಸಿಕ್ಕವರೆಲ್ಲ ಭುಜ ತಟ್ಟಿ ಹೇಳುವುದು ಒಂದೇ ಮಾತು: "ಬಿಡಬೇಡ, ಕರ್ತನು ದಾರಿ ತೆರೆಯುತ್ತಾನೆ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನಮ್ಮ ಕೂಟಗಳಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಯಾವಾಗಲೂ ಗೆದ್ದವರೇ, ನೋಡಿ. ಸಾಲ ತೀರಿದ ಮೇಲೆ, ಅಂಗಡಿ ಓಡಿದ ಮೇಲೆ ಬಂದು ಹೇಳುತ್ತಾರೆ. ನಡುವೆ ನಿಂತವನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಬಿಡಬೇಡ ಅಂದರೆ ಯಾವುದನ್ನು? ಶೆಡ್ಡನ್ನೋ, ಆ ಹುಡುಗರನ್ನೋ, ಪ್ರಾರ್ಥನೆಯನ್ನೋ?

ಆ ಹೆಂಚು ಕೈಯಲ್ಲಿ ಹಿಡಿದಾಗ ಅನಿಸಿತು, ನಮ್ಮೂರಲ್ಲೇ ಈ ಪ್ರಶ್ನೆಗೆ ಒಂದು ಪೂರ್ತಿ ಕೇಸ್ ಇದೆಯಲ್ವಾ ಅಂತ. ಬಾಸೆಲ್ ಮಿಷನ್ನಿನ ಮಿಷನರಿಗಳು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ, ಇಲ್ಲಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ನಡುವಿನ ಮೂವತ್ತೊಂದು ವರ್ಷದ ಬಗ್ಗೆ ಯಾರೂ ಸಾಕ್ಷಿ ಹೇಳುವುದಿಲ್ಲ. ಅಲ್ಲಿರುವುದು ಜಾಸ್ತಿ ಸೋಲುಗಳೇ.

ಬಂದವರು ಯಾರು, ಸಿಕ್ಕಿಬಿದ್ದದ್ದು ಎಲ್ಲಿ

ಬಾಸೆಲ್ ಮಿಷನ್ ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಲ್ಲಿ, 1815ರಲ್ಲಿ. ಊರು ಸ್ವಿಸ್ ಆದರೂ ಕೆಲಸಕ್ಕೆ ಸೇರಿದವರಲ್ಲಿ ಬಹಳ ಮಂದಿ ಪಕ್ಕದ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಹಳ್ಳಿಯವರು. ಭಕ್ತಿ ಜಾಸ್ತಿ, ಮಾತು ಕಮ್ಮಿ, ಕೈಕಸುಬು ಗೊತ್ತಿದ್ದ ಜನ. 1833ರ ಚಾರ್ಟರ್ ಕಾಯ್ದೆ ಬರುವ ತನಕ ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿ ಸರಕಾರದ ಊರುಗಳಲ್ಲಿ ಬಾಗಿಲು ಸಲೀಸಾಗಿ ತೆರೆದಿರಲಿಲ್ಲ. ಅದು ತೆರೆದ ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಹೆಬಿಕ್ ಮೊದಲು ವ್ಯಾಪಾರದಲ್ಲಿ ಇದ್ದವನು. ಆದರೆ ಅವನು ಬಂದದ್ದು ವ್ಯಾಪಾರಕ್ಕಲ್ಲ, ಮೂವರಲ್ಲಿ ಯಾರ ತಲೆಯಲ್ಲೂ ಕಾರ್ಖಾನೆ ಇರಲಿಲ್ಲ.

ಕಾರ್ಖಾನೆ ಬೇಕಾದದ್ದು ಜನ ಸೇರಲು ಶುರುವಾದ ಮೇಲೆ. ಸ್ನಾನದೀಕ್ಷೆ ತೆಗೆದುಕೊಂಡ ದಿನವೇ ಮನುಷ್ಯ ಮನೆಯಿಂದ ಹೊರಗೆ. ಗೇಣಿಗೆ ಮಾಡುತ್ತಿದ್ದ ಗದ್ದೆ ಹೋಯಿತು, ಬಾವಿ ಹೋಯಿತು, ಕೂಲಿಗೆ ಕರೆಯುವವರಿಲ್ಲ. ಮತ ಬದಲಿಸಿದವನ ಆಸ್ತಿಹಕ್ಕು ಹೋಗಬಾರದು ಅಂತ 1850ರಲ್ಲಿ ಕಾಯ್ದೆ ಬಂತು, ನಿಜ. ಕಾಯ್ದೆ ಹಿಡಿದುಕೊಂಡು ಸ್ವಂತ ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋಗುವ ತಾಕತ್ತು ಎಷ್ಟು ಜನಕ್ಕೆ ಇತ್ತು? ಅದೂ ಆಸ್ತಿ ಅಂತ ಇದ್ದವರ ಮಾತಾಯಿತು. ಬಂದವರಲ್ಲಿ ಹೆಚ್ಚಿನವರಿಗೆ ಆಸ್ತಿಯೇ ಇರಲಿಲ್ಲ.

ಇನ್ನೊಂದು ವಿಷಯ ಇದೆ, ನಮ್ಮವರು ಇದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. ತುಳುನಾಡಿನಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ, ಮಲಬಾರಿನಲ್ಲಿ ತೀಯರು. ಅವರ ಕಸುಬುಗಳಲ್ಲಿ ಕಳ್ಳು ಇಳಿಸುವುದೂ ಒಂದು. ಮಿಷನ್ನಿಗೆ ಹೆಂಡ ಆಗದು. ಅಂದರೆ ಇದ್ದ ಒಂದು ಕಸುಬನ್ನು ಬಿಡಿಸಿದವರು ಊರವರಲ್ಲ, ಪಾದ್ರಿಗಳೇ. ಹೊಟ್ಟೆಪಾಡಿನ ಸಮಸ್ಯೆಯಲ್ಲಿ ಅರ್ಧ ಅವರೇ ಮಾಡಿಕೊಂಡದ್ದು. ಹಾಗಾಗಿ ಅದಕ್ಕೆ ಉತ್ತರ ಕೊಡುವುದೂ ಅವರ ತಲೆ ಮೇಲೇ ಬಿತ್ತು, ನನಗೆ ಇದು ನ್ಯಾಯ ಅಂತಲೇ ಅನಿಸುತ್ತದೆ.

ಸಭೆಗೆ ಬಂದವರಿಗೆ ಬರೀ ಅನ್ನ ಹಾಕುತ್ತಾ ಇರಬಹುದಿತ್ತು. ಅದು ಅವರಿಗೆ ಸರಿಬರಲಿಲ್ಲ. ಕೆಲಸ ಮಾಡದೆ ಉಣ್ಣಬಾರದು ಅನ್ನುವುದು ಅವರ ಮೈಗೆ ಹತ್ತಿದ ಭಕ್ತಿ. ಪೌಲನೇ ಗುಡಾರ ಹೊಲಿದು ಬದುಕಿದ ಅಂತ ನೆನಪಿಸಿಕೊಳ್ಳುವ ಜನ. ಜೊತೆಗೆ ಗಂಜಿಗಾಗಿ ಜಾತಿ ಬಿಟ್ಟರು ಅನ್ನುವ ಮಾತು ಊರಲ್ಲಿ ಆಗಲೇ ಓಡಾಡುತ್ತಿತ್ತು, ಅದಕ್ಕೂ ಹೆದರಿಕೆ.

ಒಂದಾದ ಮೇಲೆ ಒಂದು

ಮೊದಲು ಬೇಸಾಯ ಮಾಡಿ ನೋಡಿದರು. ಬಲ್ಮಠದ ಗುಡ್ಡದಲ್ಲಿ ಕಾಫಿ ಹಾಕಿದರು. ಮಂಗಳೂರಿನ ಸಮುದ್ರದ ಗಾಳಿಗೆ, ಆ ಮುರಕಲ್ಲಿನ ಗುಡ್ಡದಲ್ಲಿ ಕಾಫಿ! ಇವತ್ತು ಯಾವ ಕೊಡಗಿನವರಿಗೆ ಹೇಳಿದರೂ ನಗುತ್ತಾರೆ. ಸಕ್ಕರೆ ಮಾಡಲು ನೋಡಿದರು. ಬಡಗಿ ಕೆಲಸ, ಬೀಗದ ಕೆಲಸ, ಕೊನೆಗೆ ಗಡಿಯಾರದ ಕೆಲಸ ಕೂಡ ಕಲಿಸಿದರು. ಗಡಿಯಾರ ಅವರ ಊರಿನ ಹೆಮ್ಮೆ. ಇಲ್ಲಿ ಆ ಕಾಲದಲ್ಲಿ ಗಡಿಯಾರ ಯಾರಿಗೆ ಬೇಕಿತ್ತು? ಕಲೆಕ್ಟರ್ ಕಚೇರಿಗೆ ಒಂದು, ನಾಲ್ಕು ಸಾಹುಕಾರರಿಗೆ ನಾಲ್ಕು, ಅಲ್ಲಿಗೆ ಮುಗಿಯಿತು. ತಮಗೆ ಗೊತ್ತಿದ್ದದ್ದನ್ನು ಕಲಿಸಿದರೇ ಹೊರತು ಊರಿಗೆ ಏನು ಬೇಕು ಅಂತ ಕೇಳಲಿಲ್ಲ. ನನಗೆ ಇಲ್ಲಿ ಸ್ವಲ್ಪ ಚುಚ್ಚಿತು. ನಾನೂ ತೇಗದ ಮಂಚ ಮಾಡುವುದು ಗೊತ್ತು ಅಂತ ತೇಗದ ಮಂಚವನ್ನೇ ಮಾಡುತ್ತಾ ಕೂತಿದ್ದೆ, ಸುತ್ತಲಿನವರು ಕಂತಿನಲ್ಲಿ ರೆಡಿಮೇಡ್ ಮಂಚ ತರಿಸಿಕೊಳ್ಳುತ್ತಿದ್ದಾಗ.

ಅಚ್ಚುಕೂಟದ್ದು ಬೇರೆ ಕಥೆ. 1840ರ ದಶಕದ ಶುರುವಿನಲ್ಲಿ ಕಲ್ಲಚ್ಚು ಬಂತು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಕ್ರಮ. 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ಅದರಲ್ಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ. ಆದರೆ ಆ ಪತ್ರಿಕೆ ಮಂಗಳೂರಿನಲ್ಲಿ ಒಂದು ವರ್ಷ ಕೂಡ ನಡೆಯಲಿಲ್ಲ, ಆಮೇಲೆ ಬಳ್ಳಾರಿಯಲ್ಲಿ ಅಚ್ಚಾಯಿತು. ಲೆಕ್ಕದ ಪುಸ್ತಕ ತೆರೆದರೆ ಅದೂ ಸೋಲೇ. ಕಿಟೆಲ್ ನಿಘಂಟು ಬಂದದ್ದು ಅದೇ ಮಿಷನ್ ಪ್ರೆಸ್ಸಿನಿಂದ, 1894ರಲ್ಲಿ. ಅಷ್ಟು ವರ್ಷ ಅಚ್ಚುಕೂಟ ಮುಚ್ಚದೆ ಇದ್ದರು. ಆದರೆ ಅಚ್ಚುಕೂಟದಲ್ಲಿ ಎಷ್ಟು ಜನಕ್ಕೆ ಕೆಲಸ ಕೊಡಬಹುದು? ಓದು ಬಂದ ಕೆಲವರಿಗೆ, ಅಷ್ಟೇ.

1851ರಲ್ಲಿ ಹಾಲರ್ ಅನ್ನುವ ನೇಕಾರ ಬಂದ. ನೇಯ್ಗೆ ಸ್ವಲ್ಪ ನಿಂತಿತು. ಸುಧಾರಿಸಿದ ಮಗ್ಗ ಹಾಕಿದರು, ಬಣ್ಣ ಹಾಕುವುದು ಕಲಿಸಿದರು, ಆಮೇಲೆ ಕಣ್ಣೂರು, ಕಲ್ಲಿಕೋಟೆಗೂ ಹಬ್ಬಿತು. ಖಾಕಿ ಬಣ್ಣ ಹುಟ್ಟಿದ್ದು ನಮ್ಮ ಬಲ್ಮಠದಲ್ಲೇ, ಹಾಲರ್ ಕೈಯಲ್ಲೇ ಅಂತ ನಮ್ಮ ಕಡೆ ಎದೆಯುಬ್ಬಿಸಿ ಹೇಳುತ್ತಾರೆ. ಆದರೆ ಪಂಜಾಬಿನ ಗೈಡ್ಸ್ ಅನ್ನುವ ಬ್ರಿಟಿಷರ ದಂಡು 1840ರ ದಶಕದಲ್ಲೇ ಆ ಬಣ್ಣ ತೊಟ್ಟಿತ್ತು. ಹಾಗಾಗಿ ಇಲ್ಲಿ ಒಳ್ಳೆಯ ಖಾಕಿ ಮಾಡುತ್ತಿದ್ದರು ಅನ್ನುವಷ್ಟಕ್ಕೆ ನಿಲ್ಲಿಸುವುದು ವಾಸಿ. ಹೇಗೂ ಮಿಲ್ಲಿನ ಬಟ್ಟೆ ಅಗ್ಗಕ್ಕೆ ಬಂದು ಬೀಳುತ್ತಿದ್ದ ಕಾಲ ಅದು, ನೇಯ್ಗೆಯೊಂದರಿಂದಲೇ ಎಲ್ಲರ ಮನೆ ನಡೆಯುವ ಹಾಗಿರಲಿಲ್ಲ.

ಲೆಕ್ಕ ಹಾಕಿ. ಹದಿನೈದಿಪ್ಪತ್ತು ವರ್ಷ ಹೋಯಿತು, ಐದಾರು ಕಸುಬು ಮುಗಿಸಿದರು, ಜೊತೆಗಿದ್ದ ಎಷ್ಟೋ ಜನ ಜ್ವರ, ಭೇದಿ ಅಂತ ಸತ್ತರು ಇಲ್ಲವೇ ಕಾಯಿಲೆ ಬಿದ್ದು ಊರಿಗೆ ಮರಳಿದರು. ಸಭೆಗೆ ಸೇರಿದವರು ಮಾತ್ರ ಪ್ರತಿ ಬೆಳಗ್ಗೆ ಬಾಗಿಲಲ್ಲಿ ಇದ್ದಾರೆ.

ಬಾಸೆಲ್‌ನಲ್ಲಿ ಜಗಳ

ಅತ್ತ ಬಾಸೆಲ್‌ನಲ್ಲಿ ತಲೆನೋವು ಬೇರೆ. ದೇವರ ಕೆಲಸಕ್ಕೆ ಅಂತ ಬಡ ರೈತರು, ವಿಧವೆಯರು ಕೊಟ್ಟ ಕಾಣಿಕೆಯ ದುಡ್ಡನ್ನು ಮಗ್ಗಕ್ಕೆ, ಕಾಫಿಗೆ ಹಾಕಬಹುದಾ? ಪಾದ್ರಿಯಾಗಿ ಕಳಿಸಿದವನು ನೂಲಿನ ಲೆಕ್ಕ ಬರೆಯುತ್ತಾ ಕೂತರೆ ಸುವಾರ್ತೆ ಹೇಳುವವರು ಯಾರು? ಆಗ ಮಿಷನ್ನಿನ ಇನ್‌ಸ್ಪೆಕ್ಟರ್, ಅಂದರೆ ಮುಖ್ಯಸ್ಥ ಆಗಿದ್ದ ಯೋಸೆನ್‌ಹಾನ್ಸ್ 1851-52ರಲ್ಲಿ ಖುದ್ದಾಗಿ ಬಂದು ಇಲ್ಲಿನ ಊರುಗಳನ್ನು ನೋಡಿ ಹೋದರು. ಕಟ್ಟುನಿಟ್ಟಿನ ಮನುಷ್ಯ, ಎಲ್ಲದಕ್ಕೂ ನಿಯಮ ಬರೆಯುವವರು.

ಕೊನೆಗೆ ಕಂಡುಕೊಂಡ ದಾರಿ ನನಗೆ ತುಂಬ ಬುದ್ಧಿವಂತಿಕೆಯದ್ದು ಅನಿಸುತ್ತದೆ. ಎರಡು ಚೀಲ ಬೇರೆ ಮಾಡಿದರು. 1859ರಲ್ಲಿ ವ್ಯಾಪಾರಕ್ಕೇ ಅಂತ ಒಂದು ಕಂಪನಿ ಕಟ್ಟಿದರು. ಷೇರಿನ ಬಂಡವಾಳ ಬೇರೆ, ಕಾಣಿಕೆಯ ದುಡ್ಡು ಬೇರೆ. ಷೇರುದಾರರಿಗೆ ಲಾಭಾಂಶ ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ ಮಿತಿ ಹಾಕಿ, ಉಳಿದದ್ದು ಮಿಷನ್ನಿಗೆ. ವ್ಯಾಪಾರ ಗೊತ್ತಿದ್ದವರನ್ನು ವ್ಯಾಪಾರಕ್ಕೆ ಕಳಿಸಿದರು. ಪಾದ್ರಿಗಳು ಪಾದ್ರಿ ಕೆಲಸ ಮಾಡಿದರು.

ಇದರಲ್ಲಿ ಪವಾಡ ಏನೂ ಇಲ್ಲ, ಲೆಕ್ಕ ಇಡುವ ಕ್ರಮ ಅಷ್ಟೇ. ನಮ್ಮಲ್ಲಿ ಸಣ್ಣ ವ್ಯಾಪಾರ ಮಾಡುವ ವಿಶ್ವಾಸಿಗಳು ಎಷ್ಟು ಜನ ಈ ಎರಡು ಚೀಲ ಬೇರೆ ಇಟ್ಟಿದ್ದೇವೆ? ಮನೆ ಖರ್ಚು, ಅಂಗಡಿ ದುಡ್ಡು, ದಶಮಾಂಶ, ಚೀಟಿ ಕಂತು ಎಲ್ಲ ಒಂದೇ ಗೂಗಲ್ ಪೇಯಲ್ಲಿ. ನನ್ನದೂ ಹಾಗೇ ಇತ್ತು. ಯಾವ ತಿಂಗಳು ಶೆಡ್ಡು ನಷ್ಟಕ್ಕೆ ಇಳಿಯಿತು ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಮಣ್ಣು

ಈಗ ಪ್ಲೆಬ್ಸ್ಟ್ ಕಡೆಗೆ ಬರೋಣ. ಜಾರ್ಜ್ ಪ್ಲೆಬ್ಸ್ಟ್ ಮೂಲದಲ್ಲಿ ಮೆಕ್ಯಾನಿಕ್. 1851ರಲ್ಲಿ ಬಂದದ್ದು ಅಚ್ಚುಕೂಟಕ್ಕೆ, ಕಲ್ಲಚ್ಚಿನ ಜಾಗದಲ್ಲಿ ಅಚ್ಚುಮೊಳೆಯ ಮುದ್ರಣ ತರಲು. ಅಂದರೆ ಕನ್ನಡ ಅಕ್ಷರದ ಮೊಳೆಗಳ ಜೊತೆ ವರ್ಷಗಟ್ಟಲೆ ಕೂತ ಮನುಷ್ಯ. ಒಂದು ಕೊಂಬು ಅರ್ಧ ಕೂದಲಷ್ಟು ಜರುಗಿದರೂ ಅಕ್ಷರ ಕೆಡುತ್ತದೆ, ಆ ಕಣ್ಣು ಅವನಿಗೆ ಬಂದಿತ್ತು. ಆಮೇಲೆ ಹೆಂಚಿಗೆ ಹೋದದ್ದು ಅಚಾನಕ್ ಅಂತ ನನಗೆ ಅನಿಸುವುದಿಲ್ಲ.

ನೇತ್ರಾವತಿ, ಫಲ್ಗುಣಿ ನದಿಗಳ ದಂಡೆಯಲ್ಲಿ ಆವೆಮಣ್ಣು ಇತ್ತು. ಹೊಸದಾಗಿ ಯಾರೂ ಅದನ್ನು ಕಂಡುಹಿಡಿಯಲಿಲ್ಲ, ನಮ್ಮ ಕುಂಬಾರರು ತಲೆತಲಾಂತರದಿಂದ ಅದರಲ್ಲೇ ಮಡಕೆ ಮಾಡುತ್ತಿದ್ದರು. ಮೂವತ್ತು ವರ್ಷ ಮಿಷನ್ನಿನ ಕಣ್ಣೆದುರೇ ಇದ್ದ ಮಣ್ಣು. ಪ್ಲೆಬ್ಸ್ಟ್ ರಜೆಯಲ್ಲಿ ಜರ್ಮನಿಗೆ ಹೋದಾಗ ಮಣ್ಣಿನ ಕೆಲಸ ಕಲಿತು ಬಂದ. ವಯಸ್ಸು ನಲವತ್ತರ ಹತ್ತಿರ, ಕೈಯಲ್ಲಿ ಒಂದು ಕಸುಬು ಆಗಲೇ ಇದೆ. ಆದರೂ ರಜೆಯಲ್ಲಿ ಹೋಗಿ ಮತ್ತೊಂದು ಕಸುಬಿಗೆ ಶಿಷ್ಯನಾಗಿ ಕೂರುವುದು ಅಂದರೆ! ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಹಿಡಿಸಿದ ಭಾಗ ಇದೇ.

ಅವರ ಅದೃಷ್ಟಕ್ಕೆ ಬಾಸೆಲ್ ಪಕ್ಕದ ಆಲ್ಸೇಸ್ ಸೀಮೆಯಲ್ಲಿ ಗಿಲಾರ್ಡೋನಿ ಅನ್ನುವ ಅಣ್ಣತಮ್ಮಂದಿರು 1841ರಲ್ಲೇ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಪೇಟೆಂಟ್ ಮಾಡಿಸಿದ್ದರು. ನಮ್ಮ ಮಂಗಳೂರು ಹೆಂಚು ಆ ವಂಶದ್ದೇ. ಅದಕ್ಕೆ ಮೊದಲು ಇಲ್ಲಿ ಇದ್ದದ್ದು ಮುಳಿಹುಲ್ಲು, ತೆಂಗಿನ ಮಡಲು, ಇಲ್ಲವೇ ಕುಂಬಾರರ ಕೈಹೆಂಚು. ಮುಳಿ ಮಾಡಿಗೆ ಆಗಾಗ ಹೊಸದಾಗಿ ಹೊದಿಸಬೇಕು, ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಗೆ ಕೇರಿಯೇ ಹೋಗುತ್ತಿತ್ತು. ಕೈಹೆಂಚನ್ನು ಒಂದರ ಮೇಲೊಂದು ದಪ್ಪಕ್ಕೆ ಹೊದಿಸಬೇಕು, ಭಾರ ಜಾಸ್ತಿ, ಬೆಕ್ಕು ಓಡಿದರೂ ಜರುಗುತ್ತದೆ. ಕಚ್ಚಿಕೊಳ್ಳುವ ಹೆಂಚಿಗೆ ಒಂದೇ ಪದರ ಸಾಕು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು. ಮಾಡು ಹೊರುವ ಮರದ ಪಕ್ಕಾಸು ಸಪೂರ ಇದ್ದರೂ ನಡೆಯುತ್ತದೆ.

ಕೇಳಲು ಸುಲಭ. ಮಾಡಲು ಕೂತರೆ ಗೊತ್ತಾಗುತ್ತದೆ. ಆವೆಮಣ್ಣು ತೀರಾ ಜಿಗುಟಾದರೆ ಒಣಗುವಾಗ ಬಿರಿಯುತ್ತದೆ, ಮರಳು ಜಾಸ್ತಿಯಾದರೆ ನೀರು ಜಿನುಗುತ್ತದೆ, ಹಾಗಾಗಿ ಬೇರೆ ಬೇರೆ ಕಡೆಯ ಮಣ್ಣು ಹದಕ್ಕೆ ಬೆರೆಸಬೇಕು. ಎತ್ತು ಕಟ್ಟಿ ಮಣ್ಣು ಅರೆಯಬೇಕು. ಹಸಿ ಹೆಂಚು ಒಣಗಿ ಸುಟ್ಟು ಹೊರಗೆ ಬರುವಾಗ ಅಳತೆಯಲ್ಲಿ ಸಣ್ಣದಾಗುತ್ತದೆ, ಆದ್ದರಿಂದ ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಿರಬೇಕು, ಎಷ್ಟು ಅನ್ನುವುದು ಆ ಮಣ್ಣಿಗೆ ಆ ಮಣ್ಣೇ ಹೇಳಬೇಕು, ಜರ್ಮನಿಯ ಮಣ್ಣಿನ ಲೆಕ್ಕ ಜೆಪ್ಪುವಿನಲ್ಲಿ ನಡೆಯುವುದಿಲ್ಲ. ಮಡಕೆಯಾದರೆ ಸ್ವಲ್ಪ ಸೊಟ್ಟಗಾದರೂ ನೀರು ನಿಲ್ಲುತ್ತದೆ. ಈ ಹೆಂಚು ಸೊಟ್ಟಗಾದರೆ ಪಕ್ಕದ್ದಕ್ಕೆ ಕೂರುವುದೇ ಇಲ್ಲ, ಎಸೆಯುವುದೇ. ಬಿಸಿಲಿಗೆ ಒಣಗಿಸಿದರೆ ಒಂದು ಬದಿ ಬೇಗ ಒಣಗಿ ಬಳುಕುತ್ತದೆ, ನೆರಳಲ್ಲೇ ದಿನಗಟ್ಟಲೆ ಹಲಗೆ ಮೇಲೆ ಇಡಬೇಕು, ಅದೂ ನಮ್ಮ ಮಳೆಗಾಲದ ತೇವದಲ್ಲಿ. ಆಮೇಲೆ ಹೆಂಚು ಸುಡುವ ಗೂಡು. ಬೆಂಕಿಗೆ ಹತ್ತಿರ ಇದ್ದದ್ದು ಸೀದು ಕಪ್ಪಾಗುತ್ತದೆ, ದೂರ ಇದ್ದದ್ದು ಹಸಿಬಿಸಿ ಉಳಿಯುತ್ತದೆ. ಗೂಡು ತೆರೆಯುವ ತನಕ ಒಳಗೆ ಏನಾಗಿದೆ ಅಂತ ಗೊತ್ತಿಲ್ಲ.

ಶುರುವಿನಲ್ಲಿ ದಿನಕ್ಕೆ ಕೆಲವೇ ನೂರು ಹೆಂಚು ಆಗುತ್ತಿತ್ತು. ಸಾವಿರ ಚದರಡಿಯ ಮಾಡಿಗೆ ಸಾವಿರದ ನಾನೂರರ ಹತ್ತಿರ ಬೇಕು. ಅಂದರೆ ಒಂದು ಸಾಧಾರಣ ಮನೆಗೆ ಆಗುವಷ್ಟು ಹೆಂಚಿಗೆ ಮೂರು ನಾಲ್ಕು ದಿನದ ದುಡಿಮೆ.

ಯೆರೆಮೀಯನು ಕುಂಬಾರನ ಮನೆಗೆ ಹೋದದ್ದು, ಪಾತ್ರೆ ಕೆಟ್ಟಾಗ ಕುಂಬಾರ ಅದೇ ಮಣ್ಣಿನಿಂದ ಇನ್ನೊಂದು ಮಾಡಿದ್ದು, ಇದರ ಮೇಲೆ ಪ್ರಸಂಗ ಕೇಳದ ವರ್ಷ ನಮ್ಮಲ್ಲಿ ಇಲ್ಲ. ಪಾದ್ರಿ ಅಯ್ಯನವರು ಬದಲಾದರೂ ಆ ಪ್ರಸಂಗ ಬದಲಾಗುವುದಿಲ್ಲ. ಆದರೆ ಅದು ಹಸಿ ಮಣ್ಣಿನ ಮಾತು. ಸುಟ್ಟ ಮೇಲೆ ಒಡೆದ ಹೆಂಚು ತಿರುಗಿ ಮಣ್ಣಾಗುವುದಿಲ್ಲ, ಪುಡಿ ಮಾಡಿ ಬೇರೆ ಮಣ್ಣಿಗೆ ಬೆರೆಸಬಹುದು ಅಷ್ಟೇ. ಬಲ್ಮಠದ ಕಾಫಿ, ಗಡಿಯಾರ ಎಲ್ಲ ಹಾಗೇ ಸುಟ್ಟು ಒಡೆದವು. ಅವನ್ನು ಯಾರೂ ಮತ್ತೆ ಜೋಡಿಸಲು ಹೋಗಲಿಲ್ಲ. ಮುಚ್ಚಿದರು, ಲೆಕ್ಕ ಮುಗಿಸಿದರು, ಮುಂದಿನದಕ್ಕೆ ಹೋದರು.

ಈ ಪ್ರಕರಣದಲ್ಲಿ ನನಗೆ ಕಂಡ ಮುಖ್ಯ ವಿಷಯ ಇದು. ಇವರು ಯಾವ ಕಸುಬಿಗೂ ಅಂಟಿಕೊಂಡು ಕೂರಲಿಲ್ಲ. "ದೇವರು ಕಾಫಿ ಹಾಕಲು ಹೇಳಿದ್ದಾನೆ, ಬಿಡುವುದಿಲ್ಲ" ಅಂತ ಹಟ ಮಾಡಿದ್ದರೆ 1865ಕ್ಕೆ ಜೆಪ್ಪುವಿನಲ್ಲಿ ಕಾರ್ಖಾನೆ ಇರುತ್ತಿರಲಿಲ್ಲ, ಸಾಲ ಇರುತ್ತಿತ್ತು. ಬಾಗಿಲಲ್ಲಿ ನಿಂತ ಜನರನ್ನು ಮಾತ್ರ ಬಿಡಲಿಲ್ಲ. ಇವರ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು ಅನ್ನುವ ಪ್ರಶ್ನೆ 1840ರಲ್ಲೂ ಇತ್ತು, 1860ರಲ್ಲೂ ಇತ್ತು. ಬರೀ ಲಾಭ ನೋಡುವವನಾಗಿದ್ದರೆ ಎರಡನೇ ಸೋಲಿಗೇ ಹಡಗು ಹತ್ತುತ್ತಿದ್ದ. ಹಾಗೆ ಹೋಗುವುದಕ್ಕೆ ಅವರ ವಿಶ್ವಾಸ ಬಿಡಲಿಲ್ಲ. ಮಣ್ಣಿನ ಹದ ಹೇಳಿಕೊಟ್ಟದ್ದು ವಿಶ್ವಾಸ ಅಲ್ಲ, ಅದನ್ನು ಗೂಡಿನ ಮುಂದೆ ಕೂತು ಕಲಿತರು.

ಹೆಂಚು ಓಡಿತು

ಆಮೇಲಿನದ್ದು ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್ ಅಂತ ಕಾರ್ಖಾನೆಗಳು ಬೆಳೆದವು. ಹಾಯಿಯ ಮಂಜಿ ಹತ್ತಿ ಹೆಂಚು ಮುಂಬಯಿಗೆ ಹೋಯಿತು, ಸಮುದ್ರ ದಾಟಿತು. ಮಲಬಾರಿನಲ್ಲಿ ಹೆಂಚಿನ ಮಾಡು ಅಂದರೆ ದೇವಸ್ಥಾನಕ್ಕೆ, ಅರಮನೆಗೆ, ದೊಡ್ಡವರಿಗೆ ಅನ್ನುವ ಕಟ್ಟಳೆ ಇದ್ದ ಕಾಲವೂ ಇತ್ತು. ದುಡ್ಡು ಕೊಟ್ಟರೆ ಯಾರಿಗೂ ಸಿಗುವ ಹೆಂಚು ಬಂದ ಮೇಲೆ ಅದು ಸಡಿಲವಾಯಿತು. ಊರಿನ ಸಾಹುಕಾರರು ನೋಡಿ ಕಲಿತು ತಾವೂ ಹಾಕಿದರು, ಆಲ್ಬುಕರ್ಕ್‌ನಂಥ ಮನೆತನದವರು ಬೇಗನೇ ಇಳಿದರು, ಕ್ರಮೇಣ ನೇತ್ರಾವತಿ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಹೆಂಚು, ನೇಯ್ಗೆ ಎಲ್ಲ ಸೇರಿ ಸಾವಿರಾರು ಜನ ದುಡಿಯುತ್ತಿದ್ದರು. ಎಲ್ಲರೂ ಕ್ರೈಸ್ತರೇ ಅಂತಿಲ್ಲ.

ಹಾಗಂತ ಎಲ್ಲ ಚೆನ್ನಾಗಿತ್ತು ಅಂದರೆ ಸುಳ್ಳಾಗುತ್ತದೆ. ಬೆಳಗ್ಗೆ ಪ್ರಾರ್ಥನೆ ಮಾಡಿಸುವವರು, ಸಂಬಳ ಕೊಡುವವರು, ಮನೆ ಜಾಗ ಕೊಟ್ಟವರು, ಮಗಳ ಮದುವೆಗೆ ಒಪ್ಪಿಗೆ ಕೊಡುವವರು ಎಲ್ಲ ಒಂದೇ ಮಿಷನ್ ಆದರೆ ಬಡವನಿಗೆ ಉಸಿರಾಡಲು ಜಾಗ ಎಲ್ಲಿ? ಶನಿವಾರ ಕುಡಿದವನು ಭಾನುವಾರ ಸಭೆಗೂ ಹೆದರಬೇಕು, ಸೋಮವಾರ ಕೆಲಸಕ್ಕೂ ಹೆದರಬೇಕು. ನಮ್ಮ ಮನೆಗಳಲ್ಲಿ ಹಿರಿಯರು ಇವತ್ತಿಗೂ ಸ್ವಂತ ವ್ಯಾಪಾರ ಅಂದರೆ ಹಿಂಜರಿದು, "ಎಲ್ಲಾದರೂ ಒಳ್ಳೇ ಕೆಲಸಕ್ಕೆ ಸೇರಿಕೋ ಮಗಾ" ಅನ್ನುವುದು ಸುಮ್ನೆ ಅಲ್ಲ. ಕೆಲಸ ಕೊಟ್ಟರು, ಯಜಮಾನಿಕೆ ಕಲಿಸಲಿಲ್ಲ. ಇದು ನನ್ನ ಅಭಿಪ್ರಾಯ. ಒಪ್ಪದವರು ಸಭೆಯಲ್ಲಿ ಬಹಳ ಜನ ಇದ್ದಾರೆ, ನನ್ನ ದೊಡ್ಡಪ್ಪನೇ ಒಪ್ಪುತ್ತಿರಲಿಲ್ಲ.

1914ರಲ್ಲಿ ಯುದ್ಧ ಬಂತು. ಮಿಷನ್ನಿನಲ್ಲಿ ಜರ್ಮನರೇ ಜಾಸ್ತಿ ಇದ್ದದ್ದರಿಂದ ಬ್ರಿಟಿಷರಿಗೆ ಅವರು ಶತ್ರುಗಳು. ಮಿಷನರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ, ಅಲ್ಲಿ ಇಲ್ಲಿ ಕಳಿಸಿದರು. ಕಾರ್ಖಾನೆಗಳು ಸರಕಾರದ ಕೈಗೆ ಹೋದವು, ಕೊನೆಗೆ ಲಂಡನ್ನಿನಲ್ಲಿ ಕಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಸೇರಿದವು. ಮೂವತ್ತೊಂದು ವರ್ಷ ಹುಡುಕಿ, ಐವತ್ತು ವರ್ಷ ಕಟ್ಟಿದ್ದು. ಕಾಗದದ ಮೇಲೆ ಒಂದು ರುಜು, ಮುಗಿಯಿತು. ಸಭೆಯ ಜನಕ್ಕೆ ಅಯ್ಯನವರೂ ಹೋದರು, ಯಜಮಾನರೂ ಹೋದರು, ಒಟ್ಟಿಗೇ.

ಸಭೆ ಮಾತ್ರ ಹೋಗಲಿಲ್ಲ. ಊರಿನ ಉಪದೇಶಿಗಳು, ಸಭಾಹಿರಿಯರು ನಡೆಸಿದರು. 1947ರಲ್ಲಿ ದಕ್ಷಿಣ ಕನ್ನಡ, ಮಲಬಾರಿನ ಸಭೆಗಳು ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) ಸೇರಿದವು. ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ತಣ್ಣಗಾದವು. ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ತುಟ್ಟಿಯಾಯಿತು, ಎಲ್ಲರೂ ಟೆರೇಸು ಹಾಕಿಸಲು ಶುರು ಮಾಡಿದರು.

ನನ್ನ ಶೆಡ್ಡಿನ ವಿಷಯ ಕೇಳುವಿರಾದರೆ, ಮೇ ತಿಂಗಳಲ್ಲಿ ಅದನ್ನು ಬಿಟ್ಟುಕೊಟ್ಟೆ. ಮುಂಗಡ ವಾಪಸ್ ತೆಗೆದುಕೊಂಡು ಸಾಲಕ್ಕೆ ಕಟ್ಟಿದೆ, ದೊಡ್ಡ ಮೆಷಿನ್ ಮಾರಿದೆ. ಎರಡು ಬ್ಯಾಂಕ್ ಖಾತೆ ಮಾಡಿದೆ. ಕಳಿಸಿದ್ದ ಇಬ್ಬರಲ್ಲಿ ಒಬ್ಬ ಹುಡುಗನನ್ನು ತಿರುಗಿ ಕರೆದೆ, ಇನ್ನೊಬ್ಬನಿಗೆ ಗಲ್ಫ್‌ನಲ್ಲಿ ಕೆಲಸ ಆಗಿತ್ತು. ಈಗ ಹಳೆಯ ಮನೆಗಳ ಪಕ್ಕಾಸು, ರೀಪು, ಕಿಟಕಿ ರಿಪೇರಿ ಮಾಡುತ್ತೇವೆ. ಟೆಂಪೋದಲ್ಲಿ ಸಾಮಾನು ಹಾಕಿಕೊಂಡು ಹೋಗುವುದು, ಶೆಡ್ಡು ಬೇಡ. ಓಡುತ್ತದಾ ಅಂತ ಇನ್ನೂ ಗೊತ್ತಿಲ್ಲ. ಮಳೆಗಾಲದಲ್ಲಿ ಕೆಲಸ ಇರುವುದಿಲ್ಲ.

ದೊಡ್ಡಮ್ಮನ ಮಾಡಿನ ಕೆಲಸ ಮುಗಿಯುವ ದಿನ ಮೇಸ್ತ್ರಿ ಹಳೆಯ ಹೆಂಚುಗಳನ್ನು ಒಂದೊಂದಾಗಿ ಎತ್ತಿ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದ. ಟಣ್ ಅಂದರೆ ಮೇಲಕ್ಕೆ, ಡಬ್ ಅಂದರೆ ಪಕ್ಕಕ್ಕೆ. ಹೆಬ್ಬೆರಳ ಗುರುತಿದ್ದದ್ದು ಟಣ್ ಅಂದಿತು.

"ಇದನ್ನು ಶೋಕೇಸಿಗೆ ಇಡ್ತೀರಾ ಅಣ್ಣ?" ಅಂದ.

"ಬೇಡ, ಹಾಕು" ಅಂದೆ.

"ಇಂಥಾ ಮಾಲು ಈಗ ಸಿಕ್ಕುದಿಲ್ಲ ಮಾರಾಯ್ರೆ" ಅಂತ ಹೇಳಿ ಅದನ್ನು ಅಡುಗೆಮನೆಯ ಮೇಲಿನ ಸಾಲಿಗೆ ಕೂರಿಸಿದ. ಡಬ್ ಅಂದವು ಹದಿನಾಲ್ಕು ಇದ್ದವು, ದೊಡ್ಡಮ್ಮ ಅವನ್ನು ಕೋಳಿಗೂಡಿಗೆ ಅಂತ ಎತ್ತಿಟ್ಟುಕೊಂಡರು.